ಉಳಿಯ ಕೈ, ಸಾರಣೆಯ ಕೈ

ಭೇರ್ಯ, ಹಂಪಾಪುರ, ಸಾಲಿಗ್ರಾಮದ ಕಡೆಯಿಂದ ಇಂಟೀರಿಯರ್ ಡಿಸೈನ್ ಓದಬೇಕೆಂದು ಮೈಸೂರಿಗೆ ಬರುವ ಮಕ್ಕಳು ನನ್ನ ಆಫೀಸು ಹುಡುಕಿಕೊಂಡು ಬರುತ್ತಾರೆ. ಊರಿನವಳು ಎಂಬ ಸಲಿಗೆ. ಜೊತೆಗೆ ಬಂದ ಅಪ್ಪ ಅಮ್ಮ ಫೀಸಿನ ವಿಚಾರ, ಮುಂದೆ ಕೆಲಸ ಸಿಗುವ ವಿಚಾರ ಕೇಳುತ್ತಾರೆ. ಮಕ್ಕಳು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಎಲ್ಲಕ್ಕೂ ತಿಳಿದಷ್ಟು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳದೆ ಬಿಡುವುದಿಲ್ಲ. ಮನೆಯ ಒಳಗನ್ನು ಚೆಂದ ಮಾಡುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ, ಅದಕ್ಕೆ ತಯಾರಾಗುವ ದಾರಿಯೂ ಹೊಸದಲ್ಲ. ಕಾಲೇಜು ಬರುವ ಎಷ್ಟೋ ಮುಂಚೆ ಇದನ್ನು ಕಲಿಸುವ ಎರಡು ಜಾಗಗಳು ಊರಿನಲ್ಲೇ ಇದ್ದವು: ಆಚಾರಿಯ ಕೊಟ್ಟಿಗೆ, ಹೆಂಗಸರ ನಡುಮನೆ. ಸರ್ಕಾರ ಶಾಲೆ ಕಟ್ಟಿಸಲು ಹೊರಟಾಗ ಮೊದಲನೆಯದನ್ನು ಮಾತ್ರ ಒಳಗೆ ಕರೆದುಕೊಂಡಿತು. ಎರಡನೆಯದು ಹೊರಗೇ ಉಳಿಯಿತು. ಹಾಗಾಗಿದ್ದರಿಂದ ಆದ ನಷ್ಟ ಇವತ್ತಿಗೂ ನಮ್ಮ ಮನೆಗಳ ಒಳಗೆ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮದು ಆಚಾರಿ ಮನೆತನ. ಭೇರ್ಯ ಮೈಸೂರಿನಿಂದ ಹಾಸನಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಹಿಂದೆ ಈ ಸೀಮೆಯನ್ನು ಎಡತೊರೆ ಎಂದು ಕರೆಯುತ್ತಿದ್ದರು. ಕಾವೇರಿಯ ನೆರೆಗೆ ನಲುಗಿದ ಎಡತೊರೆಯ ಮಗ್ಗುಲಲ್ಲೇ ಹೊಸ ಊರು ಎದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಪಡೆದ ಮೇಲೆ ಕೃಷ್ಣರಾಜನಗರವಾಯಿತು. ನಾಲೆ ನೀರು ಹರಿಯುವಲ್ಲಿ ಭತ್ತ, ಉಳಿದ ಕಡೆ ರಾಗಿ, ಹುರುಳಿ. ಇಂಥ ಊರಿನಲ್ಲಿ ಬಡಗಿಗೆ ಬೇಸಾಯದ ಕೆಲಸವೇ ಮೊದಲು. ನೇಗಿಲು, ನೊಗ, ಕೂರಿಗೆ, ಗಾಡಿಯ ಚಕ್ರ ಇವೆಲ್ಲ ಮುಗಿದು ಕೈ ಬಿಡುವಾದರೆ ಬಾಗಿಲು, ಕಂಬ, ತೊಟ್ಟಿಲು, ಹಸೆಮಣೆ. ನೇಗಿಲಿನ ಕೆಲಸಕ್ಕೆ ದುಡ್ಡು ಎಣಿಸುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ಭತ್ತವೋ ರಾಗಿಯೋ ಅಳೆದು ಕೊಡುತ್ತಿದ್ದರು. ಮನೆ ಕೆಲಸಕ್ಕೆ ಮಾತ್ರ ಬೇರೆ ಲೆಕ್ಕ. ತಲಬಾಗಿಲು ನಿಲ್ಲಿಸುವ ದಿನ ಎಲೆ ಅಡಿಕೆ, ಪಂಚೆ, ಕಾಣಿಕೆ ಕೊಟ್ಟು ಆಚಾರಿಗೆ ಕೈ ಮುಗಿಯುತ್ತಿದ್ದರು.

ಕೊಟ್ಟಿಗೆಯಲ್ಲಿ ಕಲಿಕೆಗೆ ಪಾಠಪಟ್ಟಿ ಇರಲಿಲ್ಲ, ಆದರೆ ಕ್ರಮ ಬಹಳ ಬಿಗಿ. ಹುಡುಗ ಮೊದಲು ಹೊಟ್ಟು ಗುಡಿಸಬೇಕು. ಗುಡಿಸುವಾಗಲೇ ಹಲಸಿನ ಹೊಟ್ಟು ಯಾವುದು, ಮತ್ತಿಯದು ಯಾವುದು ಎಂದು ಮೂಗು ಗುರುತು ಹಿಡಿಯಬೇಕು. ಆಮೇಲೆ ಸಾಣೆಕಲ್ಲಿನ ಮೇಲೆ ಉಳಿ ಮಸೆಯುವುದು. ಅದು ಕೈವಶವಾದ ಮೇಲೆ ತೋಪಡ. ಗೆರೆ ಹಾಕುವ ಕೆಲಸ ಕಟ್ಟಕಡೆಗೆ. ಮಸಿಯಲ್ಲಿ ಅದ್ದಿದ ನೂಲನ್ನು ಹಲಗೆಯ ಎರಡು ತುದಿಗೆ ಬಿಗಿ ಹಿಡಿದು ನಡುವೆ ಎತ್ತಿ ಬಿಟ್ಟರೆ ಟಪ್ ಎಂದು ಗೆರೆ ಬೀಳುತ್ತದೆ. ಆ ನೂಲನ್ನು ಮುಟ್ಟಲು ತಾತ ಸುಲಭಕ್ಕೆ ಬಿಡುತ್ತಿರಲಿಲ್ಲ. ಗೆರೆ ತಪ್ಪಿದರೆ ಮರ ಹೋಯಿತು, ಮರ ಹೋದರೆ ಗೌಡರ ಮುಂದೆ ತಲೆ ತಗ್ಗಿಸಬೇಕು. ಬಾಗಿಲವಾಡದ ಕೂಡಿಕೆಯೇ ಪರೀಕ್ಷೆ. ಒಂದು ಮರದ ತುದಿಯನ್ನು ನಾಲಗೆಯ ಹಾಗೆ ಸೀಳಿ, ಇನ್ನೊಂದರಲ್ಲಿ ತೋಡಿದ ಕಿಂಡಿಗೆ ಇಳಿಸಿ, ಮೊಳೆ ಹಾಕದೆ ಬೆಣೆ ಹೊಡೆದು ನಿಲ್ಲಿಸಬೇಕು. ಬೆಳಕು ತೂರದಷ್ಟು ಬಿಗಿಯಾಗಿ ಕೂತರೆ ಹುಡುಗ ಆಚಾರಿಯಾದ ಎಂದು ಅರ್ಥ.

ಲೆಕ್ಕವೂ ಅಲ್ಲೇ. ಮನೆಯ ಅಳತೆ ಗೊತ್ತು ಮಾಡಲು ಆಯ ಹಾಕಬೇಕು. ಉದ್ದ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಇವುಗಳಲ್ಲಿ ಧ್ವಜ, ಸಿಂಹ, ವೃಷಭ, ಗಜ ಒಳ್ಳೆಯವು. 33 ಅಡಿಗೆ 25 ಅಡಿಯ ಮನೆ ಹಾಕಿದರೆ ಧ್ವಜಾಯ ಬರುತ್ತದೆ. ಒಂದೇ ಒಂದು ಅಡಿ ಕಡಿಮೆ ಮಾಡಿ 24 ಎಂದರೆ ಕಾಕಾಯ. ತಾತ ಇದನ್ನು ಕಾಗದವಿಲ್ಲದೆ, ನೆಲದ ಮೇಲೆ ಕಡ್ಡಿಯಲ್ಲಿ ಒಂದಿಷ್ಟು ಗೀಚಿ ಹೇಳುತ್ತಿದ್ದರು. ಒಳ್ಳೆಯ ಆಯಗಳೆಲ್ಲ ಬೆಸಸಂಖ್ಯೆ. ಗುಣಲಬ್ಧ ಬೆಸವಾಗಬೇಕಾದರೆ ಉದ್ದವೂ ಬೆಸವಾಗಿರಬೇಕು, ಅಗಲವೂ ಬೆಸವಾಗಿರಬೇಕು. ಹಾಗಾಗಿ ಹಳೆಯ ಮನೆಗಳನ್ನು ಅಳೆಯುವಾಗ 21, 25, 33 ಇಂಥ ಅಂಕಿಗಳೇ ಮತ್ತೆ ಮತ್ತೆ ಸಿಗುತ್ತವೆ. ಆಯದ ಫಲಾಫಲ ನಂಬುವವರು ನಂಬಲಿ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅಕ್ಷರ ಹೆಚ್ಚು ಬಾರದ ಹುಡುಗನೊಬ್ಬ ಕಲ್ಲು ಇಡುವ ಮೊದಲೇ ಇಡೀ ಮನೆಯನ್ನು ಅಂಕಿಗಳಲ್ಲಿ ತಲೆಯೊಳಗೆ ಇಟ್ಟುಕೊಳ್ಳುತ್ತಿದ್ದ. ಈಗ ನಮ್ಮಲ್ಲಿ ಕೆಲಸಕ್ಕೆ ಬರುವ ಪದವೀಧರರಿಂದ ನಾನು ಬಯಸುವುದೂ ಅದನ್ನೇ.

ಮರದ ವಿಷಯದಲ್ಲಿ ಊರಿಗೆ ಊರಿನದೇ ಜಾಣ್ಮೆ ಇತ್ತು. ಬೀಟೆ, ತೇಗ ಹೆಗ್ಗಡದೇವನಕೋಟೆ, ಕಾಕನಕೋಟೆಯ ಕಾಡಿನವು. ಸರ್ಕಾರದ ಲೆಕ್ಕದಲ್ಲಿರುವ ಮರಗಳು, ಬಡವರ ಕೈಗೆ ಎಟುಕದವು. ಊರಿನ ಮನೆಗಳಿಗೆ ಹಲಸು, ಬೇವು, ಮತ್ತಿ, ಹೊನ್ನೆ. ಹಲಸು ಬಾಗಿಲಿಗೆ, ಬೇವು ಕಿಟಕಿಗೆ, ಮತ್ತಿ ತೊಲೆಗೆ. ಹೊನ್ನೆ ಗಟ್ಟಿ, ಆದರೆ ನೀರು ತಾಗಿದರೆ ಹಳದಿ ಬಣ್ಣ ಬಿಡುತ್ತದೆ. ಸುಣ್ಣ ಬಳಿದ ಗೋಡೆಯ ಪಕ್ಕದಲ್ಲಿ, ಮಳೆ ನೀರು ಸಿಡಿಯುವ ತೊಟ್ಟಿಯ ಅಂಚಿನಲ್ಲಿ ಅದನ್ನು ಇಟ್ಟರೆ ಗೋಡೆಯ ತುಂಬಾ ಹಳದಿ ಕಲೆ. ಈ ಒಂದು ಸಂಗತಿ ತಿಳಿಯದೆ ಹೊನ್ನೆಯನ್ನು ಸ್ನಾನದ ಮನೆಯ ಬಾಗಿಲಿಗೆ ಬರೆದುಕೊಟ್ಟ ನಕ್ಷೆಗಳನ್ನು ನಾನು ನೋಡಿದ್ದೇನೆ.

ಇನ್ನು ಎರಡನೆಯ ಶಾಲೆ. ತೊಟ್ಟಿಮನೆ ಎಂದರೆ ಎಲ್ಲರೂ ಕಂಬದ ಕೆತ್ತನೆ, ಬೋದಿಗೆ, ತಲಬಾಗಿಲಿನ ಚಿತ್ರ ತೆಗೆಯುತ್ತಾರೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಪಕ್ಕದಲ್ಲಿ ದೇವರಮನೆ, ಅಡುಗೆಮನೆ, ಹಿಂದೆ ಬಚ್ಚಲು, ದನದ ಕೊಟ್ಟಿಗೆ. ಇದರಲ್ಲಿ ಮರ ಎಷ್ಟು ಪಾಲು? ಕಣ್ಣಿಗೆ ಬೀಳುವ ಉಳಿದದ್ದೆಲ್ಲ ನೆಲ ಮತ್ತು ಗೋಡೆ. ಅದರ ಯಜಮಾನಿಕೆ ಪೂರ್ತಿ ಹೆಂಗಸರದು.

ನೆಲ ಸಾರಿಸುವುದನ್ನು ನಾನು ಅಜ್ಜಿಯಿಂದ ಕಲಿತೆ. ಸಗಣಿ ಅಂದಿನದೇ ಆಗಬೇಕು, ಹಸಿರು ಮೇವು ತಿಂದ ಹಸುವಿನದಾದರೆ ಒಳ್ಳೆಯದು. ನೀರು ಜಾಸ್ತಿಯಾದರೆ ಒಣಗಿದ ಮೇಲೆ ಎದ್ದು ಬರುತ್ತದೆ, ಕಡಿಮೆಯಾದರೆ ಗೀರು ಗೀರು. ಕಪ್ಪು ಬಣ್ಣ ಬೇಕೆಂದರೆ ಸುಟ್ಟ ಹುಲ್ಲಿನ ಮಸಿ. ಟಾರ್ಚು, ರೇಡಿಯೊ ಊರಿಗೆ ಬಂದ ಮೇಲೆ ಮುಗಿದ ಬ್ಯಾಟರಿ ಸೆಲ್ಲು ಒಡೆದು ಅದರೊಳಗಿನ ಕರಿ ಪುಡಿ ಕಲಸುತ್ತಿದ್ದರು, ನೆಲ ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ಅಜ್ಜಿ ಗೋಡೆಯ ಮೂಲೆಯಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿನ ಕಡೆ ಬರುವರು. ಅಂಗೈ ಅರ್ಧ ಚಂದ್ರಾಕಾರವಾಗಿ ಓಡುತ್ತಿತ್ತು. ಬೆರಳಿನ ಗುರುತು ಒಂದರ ಮೇಲೊಂದು ಕೂತು ಇಡೀ ಪಡಸಾಲೆಗೆ ಒಂದೇ ಹೆಣಿಗೆಯಾಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಸಾರಿಸಿದ ಕಡೆ ಆ ಹೆಣಿಗೆ ಮುರಿದರೆ, "ಮಗಾ, ಕೈ ನೋಡ್ಬೇಡ, ನೆಲ ನೋಡು" ಅನ್ನುತ್ತಿದ್ದರು.

ಗೋಡೆಗೆ ಸುಣ್ಣ. ಬಿಳುಪು ಕಣ್ಣಿಗೆ ಹೊಡೆಯದಿರಲಿ ಎಂದು ಚಿಟಿಕೆ ನೀಲಿ. ಗೋಡೆಯ ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಬಿಳಿ ಗೆರೆ. ಇದು ಕಾರಣೆ. ನೆಲ ಸಾರಿಸುವಾಗ ಕೈ ತಗುಲಿ ಸುಣ್ಣದ ಗೋಡೆ ಕೊಳೆಯಾಗುತ್ತದಲ್ಲ, ಆ ಎತ್ತರಕ್ಕೆ ಸರಿಯಾಗಿ ಕೆಮ್ಮಣ್ಣು ಬರುತ್ತದೆ. ಚೆಂದಕ್ಕೂ ಆಯಿತು, ಉಪಯೋಗಕ್ಕೂ ಆಯಿತು. ಈಗ ಟೈಲ್ಸ್ ನೆಲದ ಅಂಚಿನಲ್ಲಿ ನಾಲ್ಕಿಂಚಿನ ಪಟ್ಟಿ ಹಾಕುವುದೂ ಇದೇ ಕಾರಣಕ್ಕೆ.

ಗೂಡಿನ ಮಾತು ಹೇಳಲೇಬೇಕು. ಮಣ್ಣಿನ ಗೋಡೆ ಎತ್ತುವಾಗಲೇ ದೀಪ ಇಡುವ ಗೂಡು ಬಿಡಬೇಕು, ಆಮೇಲೆ ಕೊರೆದರೆ ಗೋಡೆ ಬಿರುಕು ಬಿಡುತ್ತದೆ. ಎಲ್ಲಿ ಬಿಡಬೇಕು ಎನ್ನುವುದನ್ನು ಮನೆಯ ಹಿರಿಯ ಹೆಂಗಸು ಹೇಳುತ್ತಿದ್ದಳು. ತೊಟ್ಟಿಯಿಂದ ಬೀಸುವ ಗಾಳಿಗೆ ದೀಪ ಆರಬಾರದು, ಒಲೆಯ ಮುಂದೆ ಕೂತವಳ ನೆರಳು ಪಾತ್ರೆಯ ಮೇಲೆ ಬೀಳಬಾರದು, ಓಡಾಡುವ ಮಗುವಿನ ಕೈಗೆ ಎಟುಕಬಾರದು. ಇವೆಲ್ಲ ಕೂಡಿಬರುವ ಜಾಗ ಗೋಡೆಯ ಮೇಲೆ ಒಂದೇ ಒಂದು ಇರುತ್ತದೆ. ಹಾಗೆಯೇ ನಾಗಂದಿಗೆ. ಹಲಗೆ ಕೂರಿಸುವವನು ಆಚಾರಿ, ಎಷ್ಟು ಎತ್ತರಕ್ಕೆ ಎಂದು ತೋರಿಸುವುದು ಅಡುಗೆ ಮಾಡುವವಳ ಕೈ. ಅವಳು ಗೋಡೆಗೆ ಒರಗಿ ನಿಂತು ಕೈ ಎತ್ತಿದರೆ ತಾತ ಅಲ್ಲಿಗೆ ಇದ್ದಿಲಿನ ಗುರುತು ಹಾಕುತ್ತಿದ್ದರು. ಬೆಳಕು, ಗಾಳಿ, ಎಟುಕು, ಓಡಾಟ. ಇಂಟೀರಿಯರ್ ಡಿಸೈನಿನ ಮೊದಲ ವರ್ಷದ ಪುಸ್ತಕದಲ್ಲಿ ಇರುವ ಅಧ್ಯಾಯಗಳು ಇವೇ.

ಒಂದನ್ನು ಮುಚ್ಚಿಡಬಾರದು. ಈ ಮನೆಗಳು ಎಲ್ಲರ ಮನೆಗಳಲ್ಲ. ಗೌಡರು, ಶ್ಯಾನುಭೋಗರು, ಸಾಹುಕಾರರು ಕಟ್ಟಿಸಿದವು. ಮಣ್ಣು ತುಳಿದು, ಕಲ್ಲು ಹೊತ್ತು ಗೋಡೆ ಎಬ್ಬಿಸಿದವರಲ್ಲಿ ಎಷ್ಟೋ ಜನಕ್ಕೆ ಗೃಹಪ್ರವೇಶವಾದ ಮೇಲೆ ಜಗುಲಿ ದಾಟಲು ಬಿಡುತ್ತಿರಲಿಲ್ಲ. ತಾವು ಕಟ್ಟಿದ ಒಳಾಂಗಣವನ್ನು ಅವರು ಮತ್ತೆ ನೋಡಲಿಲ್ಲ. ತೊಟ್ಟಿಮನೆಯನ್ನು ಹಾಡಿ ಹೊಗಳುವ ಬರಹಗಳಲ್ಲಿ ಈ ಸಾಲು ಕಾಣದಿದ್ದರೆ ನನಗೆ ಸಂಕಟವಾಗುತ್ತದೆ.

ಹಳ್ಳಿಯ ಕೊಟ್ಟಿಗೆಗೆ ಹೊರಗಿನ ಗಾಳಿ ಮೊದಲು ಬಡಿದದ್ದು ಹೆಂಚಿನ ಮೂಲಕ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕ್ರಮೇಣ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ನಾಡಹೆಂಚಿಗೆ ಜಂತೆ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ, ಹೆಂಚಿನ ಮೇಲೆ ಹೆಂಚು ಹೊದಿಸಿ ಸರಿಮಾಡಿಕೊಳ್ಳಬಹುದು. ಮಂಗಳೂರು ಹೆಂಚು ಹಾಗಲ್ಲ. ಎಲ್ಲವೂ ಒಂದೇ ಅಚ್ಚಿನವು, ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರಬೇಕು. ಕೆಳಗಿನ ರೀಪುಗಳ ನಡುವಿನ ಅಂತರ ಒಂದೇ ಸಮ ಇರಬೇಕು. ಮೊಳ, ಗೇಣಿನಲ್ಲಿ ಅಳೆಯುತ್ತಿದ್ದ ಆಚಾರಿ ಅಡಿಕೋಲು ಹಿಡಿಯಲೇಬೇಕಾಯಿತು. ಅಂದರೆ ಕಾರ್ಖಾನೆ ಮಂಗಳೂರಿನಲ್ಲಿದ್ದರೂ ಅಳತೆಯ ಪಾಠ ಭೇರ್ಯದ ಕೊಟ್ಟಿಗೆಯಲ್ಲೂ ನಡೆಯಿತು.

ಅದಕ್ಕಿಂತ ದೊಡ್ಡ ತಿರುವು ಮೈಸೂರಿನಲ್ಲಿ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಹಳೆ ಅರಮನೆ ಸುಟ್ಟು ಹೋಯಿತು. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ನಕ್ಷೆಯನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು. ಸಿಮ್ಲಾದಲ್ಲಿ ವೈಸರಾಯರ ಬಂಗಲೆ ಕಟ್ಟಿಸಿದವನು ಆತ. ಕೆಲಸ 1912ಕ್ಕೆ ಮುಗಿಯುವ ಹೊತ್ತಿಗೆ 41 ಲಕ್ಷ ರೂಪಾಯಿಗೂ ಮೀರಿ ಖರ್ಚಾಗಿತ್ತು. ಈ ಸಲ ಬೆಂಕಿಯ ಭಯಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಎರಕದ ಮನೆಯಿಂದ ಬಂದವು, ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜು. ಆದರೆ ಅಂಬಾವಿಲಾಸದ ಬಾಗಿಲ ಮುಂದೆ ನಿಂತು ನೋಡಿ. ಬೀಟೆ ಮರದಲ್ಲಿ ದಂತ ಕೂರಿಸಿದ ಆ ಕುಸುರಿ, ಚಾವಣಿಯ ತೇಗದ ಕೆತ್ತನೆ ನಮ್ಮ ನೆಲದ ಕೈಗಳದ್ದು. ಹದಿನೈದು ವರ್ಷ ನಡೆದ ಆ ಕಟ್ಟಡ ಕೆಲಸಗಾರರಿಗೆ ದೊಡ್ಡ ಪಾಠಶಾಲೆಯಾಯಿತು. ಕಾಗದದ ಮೇಲಿನ ನಕ್ಷೆಯನ್ನು ನೋಡಿ ಮರ ಕೊಯ್ಯುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮಾಡುವುದು ಇಷ್ಟು ದೊಡ್ಡ ಮಟ್ಟದಲ್ಲಿ ಕೆಲಸಗಾರರಿಗೆ ರೂಢಿಯಾದದ್ದು ಅಲ್ಲಿ.

ಅದೇ ಹೊತ್ತಿಗೆ, 1905ರಲ್ಲಿ, ನ್ಯೂಯಾರ್ಕಿನಲ್ಲಿ ಎಲ್ಸಿ ಡಿ ವುಲ್ಫ್ ಎಂಬಾಕೆಗೆ ಕಾಲೊನಿ ಕ್ಲಬ್ ಎಂಬ ಮಹಿಳೆಯರ ಸಂಘದ ಒಳಾಂಗಣ ಮಾಡುವ ಕೆಲಸ ಸಿಕ್ಕಿತು. ಇದನ್ನು ದುಡಿಮೆಯ ವೃತ್ತಿಯಾಗಿ ನಿಲ್ಲಿಸಿದ ಮೊದಲಿಗರಲ್ಲಿ ಆಕೆ ಒಬ್ಬಳೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಮೊದಲು ನಾಟಕದ ನಟಿಯಾಗಿದ್ದವಳು. ಕತ್ತಲ ಕೋಣೆ, ಭಾರದ ಪರದೆಗಳ ಕಾಲದಲ್ಲಿ ಅವಳು ಬೆಳಕು, ತಿಳಿಬಣ್ಣ, ಹಗುರ ಕುರ್ಚಿಗಳನ್ನು ತಂದಳು. ಅಲ್ಲಿ ಮನೆಯ ಒಳಗನ್ನು ಬಲ್ಲ ಹೆಣ್ಣು ಅದನ್ನೇ ವೃತ್ತಿ ಮಾಡಿಕೊಂಡಳು. ನಮ್ಮಲ್ಲಿ ಗೂಡಿನ ಜಾಗ ಗುರುತಿಸುತ್ತಿದ್ದ ಹೆಂಗಸಿಗೆ ಆ ದಾರಿ ತೆರೆಯಲಿಲ್ಲ.

ಮೈಸೂರಿನ ಶಾಲೆಯ ಕಥೆ 1906ರದು. ವೇಲ್ಸ್ ರಾಜಕುಮಾರನಾಗಿ ಮೈಸೂರಿಗೆ ಬಂದ, ಮುಂದೆ ಐದನೇ ಜಾರ್ಜ್ ದೊರೆಯಾದವನು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಅಡಿಗಲ್ಲು ಇಟ್ಟ. ಸಯ್ಯಾಜಿರಾವ್ ರಸ್ತೆಯಲ್ಲಿ ಕಾವೇರಿ ಎಂಪೋರಿಯಂ ಇರುವ ಆ ಕಟ್ಟಡವನ್ನು ಮೈಸೂರಿಗೆ ಬಂದವರೆಲ್ಲ ನೋಡಿರುತ್ತಾರೆ. ಅದಕ್ಕೂ ಮುಂಚೆ ಮೈಸೂರಿನಲ್ಲಿ ಕೈಗಾರಿಕಾ ಶಾಲೆ ನಡೆಯುತ್ತಿತ್ತು. ಚಿತ್ರಗಾರ ಮನೆತನದ ಕೆ. ವೆಂಕಟಪ್ಪ ಮೊದಲು ಕಲಿತದ್ದು ಆ ಶಾಲೆಯಲ್ಲಿ, ಆಮೇಲೆ ಕಲ್ಕತ್ತೆಗೆ ಅವನೀಂದ್ರನಾಥ ಠಾಕೂರರ ಬಳಿ ಹೋದರು. ಮುಂಬಯಿಯ ಜೆ.ಜೆ. ಕಲಾಶಾಲೆ 1857ರಿಂದ ಇತ್ತು, ಅದರ ಮಾದರಿ ಕಣ್ಣ ಮುಂದಿತ್ತು. ಚಾಮರಾಜೇಂದ್ರ ಸಂಸ್ಥೆಯಲ್ಲಿ ಬಡಗಿ ಕೆಲಸ, ಕೆತ್ತನೆ, ಕುಸುರಿ, ಲೋಹದ ಕೆಲಸ, ಚಿತ್ರಕಲೆ ಎಲ್ಲವೂ ಒಂದೇ ಸೂರಿನಡಿ. ಈ ಸಂಸ್ಥೆಯ ಬಗ್ಗೆ ನನಗೆ ಅಪಾರ ಗೌರವ. ನಕ್ಷೆ ಬರೆಯುವ ಕೈಯೂ ಉಳಿ ಹಿಡಿಯುವ ಕೈಯೂ ಒಂದೇ ಹುಡುಗನದಾಗಬೇಕು ಎಂದು ಅದು ಹಟ ಹಿಡಿಯಿತು. ಜರ್ಮನಿಯಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದದ್ದು 1919ರಲ್ಲಿ. ಅಲ್ಲಿ ಮೊದಮೊದಲು ಪ್ರತಿ ಕಾರ್ಯಾಗಾರಕ್ಕೂ ಇಬ್ಬರು ಗುರುಗಳು, ರೂಪ ಕಲಿಸಲು ಒಬ್ಬ ಕಲಾವಿದ, ಕಸುಬು ಕಲಿಸಲು ಒಬ್ಬ ಕುಶಲಕರ್ಮಿ. ಪ್ರಪಂಚವೆಲ್ಲ ಹೊಗಳುವ ಆ ಪದ್ಧತಿಯ ಆಶಯ ಮೈಸೂರಿಗೆ ಹೊಸದೇನಲ್ಲ. ಕೊರತೆಯೂ ಎರಡೂ ಕಡೆ ಒಂದೇ. ಬೌಹೌಸಿಗೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ಮಗ್ಗದ ಕಡೆ ಕಳಿಸಿದರು. ಮೈಸೂರಿನಲ್ಲಿ 1881ರಿಂದಲೇ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಇತ್ತು. ಆದರೆ ಓದುವ ಹೆಣ್ಣಿಗೂ ಮನೆಯ ಒಳಗನ್ನು ರೂಪಿಸುವ ಕಸುಬಿಗೂ ನಡುವೆ ಸೇತುವೆ ಕಟ್ಟುವುದು ಯಾರ ಮನಸ್ಸಿಗೂ ಬರಲಿಲ್ಲ. ನೆಲ, ಗೋಡೆ, ಬೆಳಕಿನ ಅರಿವು ಮನೆಗೆಲಸದ ಲೆಕ್ಕಕ್ಕೆ ಹೋಯಿತು.

ಕುಸುರಿಯವರ ದಾರಿ ಬೇರೆ. ಮೈಸೂರಿನ ಮಂಡಿ ಮೊಹಲ್ಲಾದ ಕಡೆ ಬೀಟೆ ಕುಸುರಿಯ ಮನೆಗಳು ತಲೆಮಾರುಗಳಿಂದ ಇವೆ, ಬಹುಪಾಲು ಮುಸ್ಲಿಂ ಕುಟುಂಬಗಳು. ಕಾಗದದ ಮೇಲೆ ಚಿತ್ರ ಬರೆದು, ತುಂಡು ತುಂಡಾಗಿ ಕತ್ತರಿಸಿ, ಬಣ್ಣ ಬಣ್ಣದ ಮರಗಳ ಮೇಲೆ ಅಂಟಿಸಿ, ಸಣ್ಣ ಗರಗಸದಲ್ಲಿ ಕೊಯ್ಯುತ್ತಾರೆ. ಆ ತುಂಡುಗಳ ಆಕಾರಕ್ಕೇ ಬೀಟೆಯ ಹಲಗೆಯನ್ನು ತೋಡಿ ಕೂರಿಸುತ್ತಾರೆ. ಆನೆಗೆ ಒಂದು ಮರ, ಆಕಾಶಕ್ಕೆ ಇನ್ನೊಂದು. ಬಣ್ಣ ಬಳಿಯುವುದಿಲ್ಲ, ಮರದ್ದೇ ಬಣ್ಣ. 1972ರ ವನ್ಯಜೀವಿ ಕಾಯ್ದೆ, ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳಿಂದ ದಂತ ನಿಂತಿತು. ನಿಲ್ಲಬೇಕಾದದ್ದೇ, ನಾಗರಹೊಳೆಯ ಪಕ್ಕದಲ್ಲಿ ಬದುಕುವ ನಮಗೆ ಆನೆಯ ಬೆಲೆ ಗೊತ್ತು. ದಂತದ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಬಂತು. ಬೀಟೆಯೂ ದುಬಾರಿಯಾಯಿತು. ಮೈಸೂರು ಬೀಟೆ ಕುಸುರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಇಂಟೀರಿಯರ್ ಡಿಸೈನ್ ಓದುವ ಮಕ್ಕಳು ಅಲ್ಲಿಗೆ ಕೆಲಸ ಕಲಿಯಲು ಹೋಗುವುದು ಅಪರೂಪ. ಹೋದವರು ಉಡುಗೊರೆ ಕೊಳ್ಳಲು ಹೋಗುತ್ತಾರೆ.

ಅಪ್ಪನ ಕಾಲಕ್ಕೆ ಮರವೇ ಬದಲಾಯಿತು. ಹುಣಸೂರಿನ ಕಾರ್ಖಾನೆಯ ಪ್ಲೈವುಡ್ ಹೆಸರು ಮಾಡಿತು. ತೆಳು ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿದ್ದರಿಂದ ಪ್ಲೈವುಡ್ ಬಿಸಿಲಿಗೆ ಬಾಗುವುದಿಲ್ಲ, ಸೀಳುವುದಿಲ್ಲ. ಮರ ಒಣಗುವವರೆಗೆ ಕಾಯುವ ಕೆಲಸ ತಪ್ಪಿತು. ಜೊತೆಗೆ ಒಂದು ಅಳತೆಯೂ ಮನೆಯೊಳಗೆ ಬಂತು, 8 ಅಡಿಗೆ 4 ಅಡಿ. ಇವತ್ತಿನ ಬೀರು, ಮಂಚ, ಅಡುಗೆಮನೆಯ ಕಪಾಟು ಎಲ್ಲದರ ಹಿಂದೆ ಆ ಶೀಟಿನ ಲೆಕ್ಕವಿದೆ, ಎಷ್ಟು ತುಂಡು ಮಾಡಿದರೆ ಕಡಿಮೆ ವೇಸ್ಟಾಗುತ್ತದೆ ಎಂಬುದು. ಅಡುಗೆ ಮಾಡುವವಳ ಕೈ ಎತ್ತಿಸಿ ಗುರುತು ಹಾಕುವುದು ಅಪ್ಪನ ಕಾಲಕ್ಕೆ ನಿಂತಿತ್ತು.

ಕಲಿಸುವ ಸಂಸ್ಥೆಗಳು ಆ ಹೊತ್ತಿಗೆ ಬೇರೆ ಕಡೆ ಬೆಳೆದವು. ಬೆಂಗಳೂರಿನಲ್ಲಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು, ಈಗಿನ ಎಸ್‌.ಜೆ. ಪಾಲಿಟೆಕ್ನಿಕ್. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಬಂತು. ಆ ವರದಿ ಅತಿ ಹೆಚ್ಚು ಮೆಚ್ಚಿ ಬರೆದದ್ದು ನಮ್ಮ ಹೆಂಗಸರು ನೀರು ತರುವ ಚೊಂಬಿನ ಬಗ್ಗೆ. ಒಳಾಂಗಣ ವಿನ್ಯಾಸಕಾರರ ಅಖಿಲ ಭಾರತ ಸಂಘ ಕಟ್ಟಿದ್ದು 1972ರಲ್ಲಿ. ಅದೇ ವರ್ಷ ವಾಸ್ತುಶಿಲ್ಪಿಗಳ ಕಾಯ್ದೆಯೂ ಬಂದು ವಾಸ್ತುಶಿಲ್ಪಿಗಳಿಗೆ ನೋಂದಣಿ ಕಡ್ಡಾಯವಾಯಿತು, ಇಂಟೀರಿಯರ್ ಡಿಸೈನರುಗಳಿಗೆ ಇಂದಿಗೂ ಅಂಥ ಕಾಯ್ದೆ ಇಲ್ಲ. ಚಾಮರಾಜೇಂದ್ರ ಸಂಸ್ಥೆ 1980ರ ದಶಕದಲ್ಲಿ ದೃಶ್ಯಕಲಾ ಕಾಲೇಜಾಯಿತು, ಜನ ಪ್ರೀತಿಯಿಂದ ಕಾವಾ ಅನ್ನುತ್ತಾರೆ. ಚಿತ್ರ, ಶಿಲ್ಪ, ಗ್ರಾಫಿಕ್ಸಿಗೆ ಅದರಿಂದ ತುಂಬಾ ಒಳ್ಳೆಯದಾಯಿತು. ಬಡಗಿಯ ಬೆಂಚು ಮಾತ್ರ ಕಲೆಯ ತರಗತಿಯಿಂದ ದೂರ ಸರಿದು ಐಟಿಐಗೆ ಹೋಯಿತು. ಒಂದೇ ಸೂರಿನಡಿ ಇದ್ದದ್ದು ಹೀಗೆ ಇಬ್ಭಾಗವಾಯಿತು.

ನಾನು ಈ ಕೆಲಸಕ್ಕೆ ಬಂದದ್ದು ಡಿಪ್ಲೊಮಾ ಮಾಡಿ. ತಾತನ ಉಳಿ ಮುಟ್ಟಲು ಹೆಣ್ಣುಮಗಳಿಗೆ ಅವಕಾಶ ಇರಲಿಲ್ಲ, ಅಡಿಕೋಲು, ಪೆನ್ಸಿಲ್ ಹಿಡಿಯಲು ಕಾಲೇಜು ಬಿಟ್ಟಿತು. ಮೊದಲ ಸಲ ಒಂದು ಮನೆಯ ಕಪಾಟು ಕೆಲಸಕ್ಕೆ ಹೋದಾಗ ಅಲ್ಲಿನ ಆಚಾರ್ರು ನನ್ನ ನಕ್ಷೆಯನ್ನು ಮಡಚಿ ಪಕ್ಕಕ್ಕಿಟ್ಟು, "ತಾಯಿ, ಇದರ ಬಾಗಿಲು ಯಾವ ಕಡೆ ತೆರೀಬೇಕು ಅಂತ ಮನೆ ಅಮ್ಮನ್ನ ಕೇಳಿದ್ರಾ?" ಎಂದರು. ಕೇಳಿದ್ದೆ. ಆಕೆ ಎಡಗೈಯವರು. ಬಾಗಿಲು ಬಲಕ್ಕೆ ತೆರೆಯುವಂತೆ ಬರೆದಿದ್ದೆ. ಆಚಾರ್ರು ನಕ್ಷೆಯನ್ನು ಮತ್ತೆ ಬಿಡಿಸಿ ಕೂತರು. ಆ ಹೊತ್ತಿನಲ್ಲಿ ನನ್ನ ಜೊತೆ ಇದ್ದದ್ದು ಅಜ್ಜಿಯ ಪಾಠ.

ಈಗ ತಯಾರಾಗುವ ಮಕ್ಕಳಿಗೆ ದಾರಿಗಳು ಹಲವು. ಎಸ್‌ಎಸ್‌ಎಲ್‌ಸಿ ಮುಗಿಸಿ ಡಿಪ್ಲೊಮಾ ಸೇರಬಹುದು. ಪಿಯುಸಿ ಆದ ಮೇಲೆ ವಾಸ್ತುಶಿಲ್ಪಕ್ಕೆ ನಾಟಾ ಪರೀಕ್ಷೆ, ಐಐಟಿಗಳ ಬಿ.ಡೆಸ್‌ಗೆ 2015ರಿಂದ ನಡೆಯುವ ಯುಸೀಡ್, ಎನ್‌ಐಡಿಗೆ ಅದರದೇ ಪರೀಕ್ಷೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ 1991ರಿಂದ ಒಳಾಂಗಣಕ್ಕೇ ಪ್ರತ್ಯೇಕ ವಿಭಾಗವಿದೆ. ಸಾಫ್ಟ್‌ವೇರನ್ನು ಯಾರು ಬೇಕಾದರೂ ಕಲಿತುಬಿಡಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಸೇರುವ ಮುಂಚಿನ ರಜೆಯನ್ನು ಮಾತ್ರ ವ್ಯರ್ಥ ಮಾಡಬೇಡಿ ಎನ್ನುತ್ತೇನೆ. ಒಬ್ಬ ಆಚಾರಿಯ ಕೈಕೆಳಗೆ ಹೊಟ್ಟು ಗುಡಿಸಿ. ಅಜ್ಜಿ ಬದುಕಿದ್ದರೆ ಅವರ ಜೊತೆ ಒಂದು ಮೂಲೆ ಸಾರಿಸಿ. ಪಿರಿಯಾಪಟ್ಟಣದ ಕಡೆಯವರಾದರೆ ಬೈಲುಕುಪ್ಪೆಗೆ ಹೋಗಿ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರ ದೇವಾಲಯಗಳ ಒಳಗನ್ನು ನೋಡಿ. ಥಂಕಾ ಬರೆಯುವ ಚಿತ್ರಗಾರ ಮೊದಲು ಚೌಕಳಿ ಗೆರೆ ಎಳೆದು, ದೇವತೆಯ ಮುಖ, ಭುಜ, ಪೀಠಕ್ಕೆ ಪರಂಪರೆ ಗೊತ್ತು ಮಾಡಿರುವ ಅಳತೆ ಹಾಕಿಕೊಂಡು ಆಮೇಲೆ ಕುಂಚ ಮುಟ್ಟುತ್ತಾನೆ. ತಾತನ ಆಯದ ಲೆಕ್ಕದಂತೆ ಅಲ್ಲೂ ಅಂಕಿ ಮೊದಲು.

ನನ್ನ ಬಳಿ ಕೆಲಸಕ್ಕೆ ಸೇರುವವರಿಗೆ ಮೊದಲು ಕೊಡುವ ಕೆಲಸ ಹಳೆಯ ಮನೆ ಅಳೆಯುವುದು. ಕಂಬದಿಂದ ಕಂಬಕ್ಕೆ ಎಷ್ಟು, ಹೊಸ್ತಿಲು ಎಷ್ಟು ಎತ್ತರ, ತೊಟ್ಟಿ ಎಷ್ಟು ಆಳ, ಬೆಳಗ್ಗೆ ಎಂಟು ಗಂಟೆಗೆ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಗೂಡು ನೆಲದಿಂದ ಎಷ್ಟು ಮೇಲೆ. ಕಂಬದ ಅಳತೆ ತೆಗೆದವರು ಗೂಡಿನ ಅಳತೆ ಬಿಟ್ಟು ಬಂದರೆ ಮತ್ತೆ ಕಳಿಸುತ್ತೇನೆ.

ಆದರೆ ಅಳೆಯಲು ಮನೆಗಳು ಉಳಿಯುತ್ತಿಲ್ಲ. ಪಾಲಾದ ಮನೆ, ಸೋರುವ ಸೂರು, ಊರು ಬಿಟ್ಟ ಮಕ್ಕಳು. ಬಿಚ್ಚಿಸಲು ಬರುವ ಹಳೆ ಮರದ ವ್ಯಾಪಾರಿ ಕಂಬ, ಬೋದಿಗೆ, ತಲಬಾಗಿಲನ್ನು ಲಾರಿಗೆ ಏರಿಸುತ್ತಾನೆ. ಅವು ಬೆಂಗಳೂರಿನ ಹೋಟೆಲು, ರೆಸಾರ್ಟುಗಳ ಒಳಾಂಗಣ ಸೇರುತ್ತವೆ. ಮರಕ್ಕೆ ಬೆಲೆಯಿದೆ, ಅದು ಎಲ್ಲಾದರೂ ಉಳಿದುಕೊಳ್ಳುತ್ತದೆ. ಗೂಡು, ಕಾರಣೆ, ಸಾರಣೆಯ ನೆಲವನ್ನು ಯಾರೂ ಕೊಳ್ಳುವುದಿಲ್ಲ, ಗೋಡೆಯ ಜೊತೆ ಮಣ್ಣಾಗುತ್ತವೆ. ಭೇರ್ಯ, ಮಿರ್ಲೆ, ಸಾಲಿಗ್ರಾಮ, ಚುಂಚನಕಟ್ಟೆಯ ಕಡೆ ಮನೆ ಬಿಚ್ಚಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಲಾರಿ ಬರುವ ಮುಂಚೆ ಒಂದು ದಿನ, ಊರಿನಲ್ಲಿ ಪಾಲಿಟೆಕ್ನಿಕ್ಕಿಗೆ ಹೋಗುವ ಮಗು ಯಾವುದಿದ್ದರೂ ಸರಿ, ಒಳಗೆ ಕರೆದು ಟೇಪು ಕೊಟ್ಟು ಅಳೆಯಲು ಬಿಡಿ. ಆ ಮನೆಯಲ್ಲಿ ಬಾಳಿದ ಹಿರಿಯ ಹೆಂಗಸೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಯಾವ ಮೂಲೆಯಲ್ಲಿ ಏನಿತ್ತು, ಯಾಕೆ ಅಲ್ಲೇ ಇತ್ತು ಎಂದು ಹೇಳಿಸಿ, ಬರೆದಿಡಿಸಿ.